ಮೊಮ್ಮಗಳ ಹಾಡು, ನನ್ನ ಲಟಿಕೆ

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇದನ್ನು ಬರೆಯುವುದಕ್ಕೆ ಮುಂಚೆ ಪೆನ್ನು ಕೆಳಗಿಟ್ಟು ಲಟಿಕೆ ಮುರಿದಿದ್ದೇನೆ. ಮಗುವಿನ ಮುಖವನ್ನು ಎರಡೂ ಅಂಗೈಯಿಂದ ಸವರಿ, ಬೆರಳುಗಳನ್ನು ನಮ್ಮ ಕಣತಲೆಗೆ ಒತ್ತಿ ಚಟಚಟನೆ ಮುರಿದರೆ ದೃಷ್ಟಿ ಹೋಗುತ್ತದೆ. ಎಷ್ಟು ಬೆರಳು ನುಡಿದವೋ ಅಷ್ಟು ಕಣ್ಣು ಬಿದ್ದಿತ್ತು ಎಂದು ತಿಳಿಯಬೇಕು. ಹತ್ತಕ್ಕೆ ಹತ್ತೂ ನುಡಿದರೆ ನನಗೆ ಭಯಕ್ಕಿಂತ ಹೆಮ್ಮೆಯೇ ಹೆಚ್ಚು. ನಮ್ಮ ಕೂಸನ್ನು ಅಷ್ಟು ಜನ ನೋಡಿದ್ದಾರಲ್ಲ!

ಆ ಕೂಸು ನನ್ನ ಮೊಮ್ಮಗಳು ರೇಣು. ಹಾಡುತ್ತಾಳೆ. ಸಿನಿಮಾಕ್ಕಲ್ಲ, ಭಜನೆಗೂ ಅಲ್ಲ. ನಾಲ್ಕು ಜನ ಸೇರಿ ಕಟ್ಟಿಕೊಂಡ ಬ್ಯಾಂಡಿಗೆ. ಬ್ಯಾಂಡ್ ಎಂದಾಗ ನನಗೆ ಗೊತ್ತಿದ್ದದ್ದು ಮದುವೆಯ ಮುಂದೆ ಕೆಂಪು ಕೋಟು ತೊಟ್ಟು ಊದುವವರು. ಹುಡುಗಿಗೆ ಆ ಕೋಟು ಒಪ್ಪುತ್ತದೋ ಇಲ್ಲವೋ ಎಂದು ಎರಡು ದಿನ ಯೋಚಿಸಿದೆ. ಇವರದು ಹಾಗಲ್ಲವಂತೆ. ಪದ ಇವರದೇ, ಧಾಟಿ ಇವರದೇ, ಹಿಂದೆ ಯಾವ ಕಂಪನಿಯೂ ಇಲ್ಲ. ಹೆಸರು ‘ಭೋಂಗಾ’. ನಮ್ಮ ಸನತ್‌ನಗರದ ಫ್ಯಾಕ್ಟರಿಗಳಲ್ಲಿ ಪಾಳಿ ಬದಲಾಗುವಾಗ ಕೂಗುವ ಭೋಂಗಾ ಇದೆಯಲ್ಲ, ಅದು ಕೂಗಿದಾಗಲೆಲ್ಲ ಇವರು ಅಭ್ಯಾಸ ನಿಲ್ಲಿಸಿ ಕಾಯಬೇಕಾಗುತ್ತಿತ್ತು. ಕಾಯ್ದು ಕಾಯ್ದು ಸಾಕಾಗಿ ಅದರ ಹೆಸರನ್ನೇ ಇಟ್ಟುಕೊಂಡರು.

ಮೊದಲ ಹಾಡುಗಳು ಹಿಂದಿಯವು, ಮೊಬೈಲಿನಲ್ಲೇ ಹಿಡಿದವು. ಆಮೇಲೆ ತೆಲುಗಿನವು. ಹಾಡು ‘ಹೊರಗೆ ಬಂತು’ ಎಂದು ಒಂದು ದಿನ ಮನೆಯಲ್ಲಿ ಕುಣಿದಾಡಿದರು. ಎಲ್ಲಿ ಬಂತು ಎಂದು ನಾನು ಬಾಗಿಲ ಕಡೆ ನೋಡಿದೆ. ನಮ್ಮ ಕಾಲದಲ್ಲಿ ಕ್ಯಾಸೆಟ್ ಎಂದರೆ ಕೈಯಲ್ಲಿ ಹಿಡಿಯುವ ವಸ್ತು. ಈಗಿನದಕ್ಕೆ ಮೈಯೇ ಇಲ್ಲ. ಕುಂಕುಮ ಹಚ್ಚಲು ಏನಾದರೂ ಬೇಕಲ್ಲ, ರೇಣುವಿನ ಫೋನಿಗೇ ಹಚ್ಚಿ ಕಾಯಿ ಒಡೆದೆ. ಕಾಯಿನೀರು ಎಲ್ಲಿಗೆ ಹಾರಿತೆಂದು ಹೇಳಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದೆ, ಆದರೆ ಬಾಯಿಬಿಟ್ಟು ‘ಚೆನ್ನಾಗಿದೆ’ ಎಂದು ಒಮ್ಮೆಯೂ ಹೇಳಲಿಲ್ಲ. ಹೇಳುವ ರೂಢಿ ನಮ್ಮಲ್ಲಿಲ್ಲ. ನನ್ನ ಅತ್ತೆ, ಮಗುವಿನ ಎದುರು ಮಗುವನ್ನು ಹೊಗಳಿದರೆ ಸಂಜೆಗೆ ಮೈ ಸುಡುತ್ತದೆ ಎನ್ನುತ್ತಿದ್ದರು. ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ತೆಲುಗು ನಾಡಿನ ಈ ಊರಿಗೆ ಬಂದಾಗ ಪಾತ್ರೆಪಗಡೆಯ ಜೊತೆ ಆ ಮಾತನ್ನೂ ಗಂಟು ಕಟ್ಟಿ ತಂದಿದ್ದೆ. ಮೂರನೇ ಇಯತ್ತೆ ಓದಿದವಳಿಗೆ ಅದರಾಚೆ ಯೋಚಿಸಲು ಯಾರು ಕಲಿಸಬೇಕು? ರೇಣು ಪ್ರತಿ ಹಾಡಿಗೂ ಓಡಿ ಬಂದು ಹೇಗಿದೆ ಎಂದು ಕೇಳುತ್ತಿದ್ದಳು. ನಾನು ಊಟ ಮಾಡು ಎನ್ನುತ್ತಿದ್ದೆ. ಕೆಲವು ವರ್ಷಗಳಾದ ಮೇಲೆ ಕೇಳುವುದನ್ನೇ ಬಿಟ್ಟಳು. ಆಯಿಗೆ ನನ್ನ ಹಾಡು ಹಿಡಿಸುವುದಿಲ್ಲ ಎಂದು ಗೆಳೆಯರಿಗೆ ಹೇಳಿಕೊಂಡಳಂತೆ. ಅದು ನನ್ನ ಕಿವಿಗೆ ಬಿದ್ದ ದಿನ ರೊಟ್ಟಿ ಬಡಿಯುವ ಕೈ ನಿಂತುಹೋಯಿತು.

ಈ ವರ್ಷ ಅವಳು ಮೊದಲ ಸಲ ಕನ್ನಡದಲ್ಲಿ ಹಾಡು ಕಟ್ಟಿದಳು. ಹೊರಗೆಲ್ಲ ಹಿಂದಿ ತೆಲುಗು ಆಡುವ ಹುಡುಗಿಗೆ ಕನ್ನಡವೆಂದರೆ ಮನೆಯೊಳಗೆ ನನ್ನ ಜೊತೆ ಆಡುವ ಮಾತು, ಅಷ್ಟೆ. ಇದು ಆಯಿಗಾಗಿಯೇ ಬರೆದದ್ದು, ಅವಳಿಗೆ ಹಿಡಿಸದಿದ್ದರೆ ಆಲ್ಬಮ್ಮಿಗೆ ಹಾಕುವುದಿಲ್ಲ ಎಂದು ಅಪ್ಪನಿಗೆ ಹೇಳಿದ್ದಳು.

ಆ ಹಾಡನ್ನು ರೆಕಾರ್ಡ್ ಮಾಡುವ ದಿನ ಮೇಲಿನ ಕೋಣೆಯ ಗೋಡೆಗೆಲ್ಲ ನಾನು ಹೊಲಿದ ಕೌದಿ ನೇತುಹಾಕಿದ್ದರು, ದನಿ ಗುಂಯ್‌ಗುಡಬಾರದಂತೆ. ಫ್ಯಾನ್ ಬಂದ್, ಕುಕ್ಕರ್ ಬಂದ್. ಗಿಟಾರಿನ ಇಮ್ರಾನ್ ನನ್ನನ್ನು ಮೂಲೆಯಲ್ಲಿ ಕೂರಿಸಿ, ಉಸಿರು ಸಹ ಮೆಲ್ಲಗೆ ಬಿಡಬೇಕು ದಾದೀ ಎಂದು ಹಿಂದಿಯಲ್ಲಿ ಹೇಳಿದ. ಬೆಳಗಿನಿಂದ ರೇಣುವಿನ ದನಿ ಕೂಡುತ್ತಿರಲಿಲ್ಲ. ಒಮ್ಮೆ ನಡುಗಿತು, ಒಮ್ಮೆ ಒಡೆಯಿತು. ಮಧ್ಯಾಹ್ನದ ಹೊತ್ತಿಗೆ ಒಂದು ಸಲ, ನೀರು ಇಳಿಜಾರಿಗೆ ಬಂದಂತೆ, ತಾನಾಗಿಯೇ ಹರಿಯಿತು. ಇಟ್ಟಂಗಿ ಹೊತ್ತ ನನ್ನ ನೆತ್ತಿ, ತೊಟ್ಟಿಲಿನಲ್ಲಿ ಅವಳನ್ನು ತೂಗಿದ ಮಧ್ಯಾಹ್ನ, ಎಲ್ಲ ಅದರಲ್ಲಿತ್ತು. ನಾನು ಕಣ್ಣು ಮುಚ್ಚಿದೆ. ಕೈಗಳು ನನ್ನನ್ನು ಕೇಳಲಿಲ್ಲ. ಚಟಚಟಚಟ, ಹತ್ತೂ ನುಡಿದವು.

ಎಲ್ಲರೂ ತಿರುಗಿ ನೋಡಿದರು. ಮಶೀನಿನಲ್ಲಿ ಮತ್ತೆ ಹಾಕಿ ಕೇಳಿದಾಗ, ಅವಳ ದನಿ ಸಣ್ಣಗೆ ಇಳಿಯುವ ಕಡೆಯಲ್ಲೇ ಒಣ ಕಟ್ಟಿಗೆ ಮುರಿದ ಹಾಗೆ ನನ್ನ ಬೆರಳು. ಇಮ್ರಾನ್ ತಲೆ ಮೇಲೆ ಕೈ ಹೊತ್ತ. ಆ ಗಳಿಗೆಯಲ್ಲಿ ನೆಲ ಬಾಯಿಬಿಡಬಾರದೇ ಅನಿಸಿತು. ರೇಣು ಮಾತ್ರ ಹೆಡ್‌ಫೋನ್ ತೆಗೆದು ನನ್ನ ಎದುರು ಬಂದು ಕುಳಿತಳು.

“ಆಯಿ, ನಿನಗ ಹಾಡು ಸೇರಿತೇನು?”

“ಅದಕ್ಕs ಅಲ್ಲೇನು ಲಟಿಕಿ ಮುರದದ್ದು,” ಎಂದೆ.

“ಬೆರಳಿಲೆ ಬ್ಯಾಡ. ಬಾಯಿಲೆ ಹೇಳು. ಆರು ವರ್ಷ ಆತು, ಕಾಯಾಕತ್ತೀನಿ.”

ಹತ್ತು ಅಂತಸ್ತಿನ ಮೇಲೆ ಹಲಗೆಯ ಮೇಲೆ ನಡೆದವಳು ನಾನು. ಅಂಥ ಅಂಜಿಕೆ ಅಲ್ಲಿಯೂ ಆಗಿರಲಿಲ್ಲ. ಹೊಗಳಿದ ಮೇಲೆ ಗಂಟಲು ಕಟ್ಟಿದರೆ? ಹಾಡೇ ನಿಂತುಹೋದರೆ? ಆದರೆ ಎದುರಿಗಿದ್ದ ಮುಖ ನೋಡಿದೆ. ಆರು ವರ್ಷ ಹೇಳದೆ ಇದ್ದುದಕ್ಕೇ ಅದು ಅಷ್ಟು ಬಾಡಿತ್ತು.

“ಚಲೋ ಹಾಡಿದಿ,” ಎಂದೆ. ಬಾಯಿ ಒಮ್ಮೆ ತೆರೆದ ಮೇಲೆ ಇನ್ನೊಂದು ಮಾತೂ ಜಾರಿತು. “ಭಾಳ ಚಲೋ ಹಾಡಿದಿ, ನನ್ನವ್ವಾ.”

ರೇಣು ಮೂಗು ಒರೆಸಿಕೊಂಡು ಎದ್ದು ಮತ್ತೆ ಹಾಡಿದಳು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಕುಳಿತಿದ್ದೆ. ಗಂಟಲು ಕಟ್ಟಲಿಲ್ಲ. ದನಿ ಮೊದಲಿನದಕ್ಕಿಂತ ಬಿಚ್ಚಿಕೊಂಡಿತು. ಆಲ್ಬಮ್ಮಿನಲ್ಲಿರುವುದು ಅದೇ. ನಾಂಪಲ್ಲಿಯ ಎಕ್ಸಿಬಿಷನ್ನಿನಲ್ಲಿ ಅದನ್ನು ಹಾಡಿದಾಗ, ಕನ್ನಡದ ಗಂಧವಿಲ್ಲದವರೂ ಕೊನೆಯ ಸಾಲು ಹೇಳಿಕೊಂಡು ಹೋದರು. ಅತ್ತೆಯ ಮಾತು ಸುಳ್ಳೆನ್ನಲು ನನಗೆ ಧೈರ್ಯವಿಲ್ಲ. ಆದರೆ ಪ್ರೀತಿಯನ್ನು ಬಚ್ಚಿಟ್ಟೇ ಮಕ್ಕಳನ್ನು ಕಾಯಬೇಕು ಎಂದು ನಾವು ಯಾಕೆ ಅಂದುಕೊಂಡೆವೋ ತಿಳಿಯದು.

ಮೊನ್ನೆ ರಾತ್ರಿಯೂಟಕ್ಕೆ ಮಗ, ರೇಣುವಿನ ಅಪ್ಪ ಶಿವಪ್ಪ, ಎದುರು ಕುಳಿತಿದ್ದ. ಮೂವತ್ತು ವರ್ಷ ಲೇತ್ ಮಶೀನಿನ ಮುಂದೆ ನಿಂತ ಕಾಲು. ತಲೆ ಬೆಳ್ಳಗಾಗಿದೆ. ಅವನಿಗೂ ಯಾರೂ ಹೇಳಿಲ್ಲವಲ್ಲ ಎಂದು ಹೊಳೆಯಿತು.

“ಶಿವ್ಯಾ, ನೀ ಮನಿ ಭಾಳ ಚಲೋ ನಡಿಸಿದಿ,” ಎಂದೆ.

ಅವನು ತುತ್ತು ಬಿಟ್ಟು, ಎಡಗೈ ಚಾಚಿ ನನ್ನ ಹಣೆ ಮುಟ್ಟಿ ನೋಡಿದ. ಜ್ವರವಿಲ್ಲವೆಂದೆ. ಎದ್ದು ಹೋಗಿ ಇನ್ನೊಂದು ರೊಟ್ಟಿ ಹಾಕಿಕೊಂಡು ಬಂದ. ಅದನ್ನು ಮುರಿಯುತ್ತ, ತಲೆ ಎತ್ತದೆ ಕೇಳಿದ:

“ಏನಂದಿ ಅವ್ವಾ ಆಗ? ಇನ್ನೊಮ್ಮೆ ಅನ್ನು.”