ನೀಲಕ್ಕನ ಮುಖಪುಟ

ಮೊನ್ನೆ ತವರಿನಿಂದ ಹಿಂದಿರುಗುವಾಗ ಅಣ್ಣಿಗೇರಿ ಬಸ್ ನಿಲ್ದಾಣದ ಪಕ್ಕದ ಅಂಗಡಿಯೊಂದರ ನೆರಳಿನಲ್ಲಿ ನಿಂತಿದ್ದೆ. ಅಂಗಡಿಯಾತ ನನ್ನನ್ನು ಗಿರಾಕಿ ಎಂದುಕೊಂಡು, "ಕವರ್ ಬೇಕೇನ್ರಿ ಅಕ್ಕಾರ? ಹೊಸಾ ಮಾಲು ಬಂದೈತಿ" ಎಂದ. ತಲೆಯೆತ್ತಿ ನೋಡಿದರೆ ಗೋಡೆಯ ತುಂಬ ಮೊಬೈಲಿನ ಕವರುಗಳು. ಹೂವಿನವು, ಹುಲಿಯವು, ಮಿಂಚಿನ ಪುಡಿ ಉದುರಿಸಿದವು. ಬೇಡವೆಂದು ಕೈಯಾಡಿಸಿದೆ. ಆದರೆ ಆ ಶಬ್ದ ಕಿವಿಯಲ್ಲಿ ಉಳಿಯಿತು. ಅದೇ ಜಾಗದಲ್ಲಿ, ಅದೇ ಗೋಡೆಯ ಮೇಲೆ, ನನ್ನ ಅಕ್ಕ ಬೇರೆ ಕವರುಗಳನ್ನು ನೋಡುತ್ತ ಬಸ್ಸು ತಪ್ಪಿಸಿಕೊಂಡದ್ದನ್ನು ನಾನು ಬಲ್ಲೆ.

ಆಗ ಅದು ಪೇಪರ್ ಅಂಗಡಿ. ಸಿನಿಮಾ ಪತ್ರಿಕೆಗಳನ್ನು ಹಗ್ಗಕ್ಕೆ ಬಟ್ಟೆಯ ಕ್ಲಿಪ್ಪು ಹಾಕಿ ತೂಗುಬಿಡುತ್ತಿದ್ದರು. ಉಳಿದವನ್ನು ಕೆಳಗಿನ ಹಲಗೆಯ ಮೇಲೆ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಜೋಡಿಸುತ್ತಿದ್ದರು. ಹಾಗೆ ಜೋಡಿಸಿದಾಗ ಕಾಣುವುದು ಮೇಲಿನ ಒಂದು ಗೇಣು ಮಾತ್ರ. ಆ ಗೇಣಿನೊಳಗೇ ಪತ್ರಿಕೆಯ ಹೆಸರು ಬರಬೇಕು, ನಟಿಯ ಹಣೆ ಬರಬೇಕು, ಮುಖ್ಯವಾಗಿ ಕಣ್ಣು ಬರಬೇಕು. ಸೀರೆ, ಸರ, ಸೊಂಟ ಎಲ್ಲ ಕೆಳಗೆ ಮುಚ್ಚಿಹೋದರೂ ಚಿಂತೆಯಿಲ್ಲ. ನಾನು ಸೀರೆ ನೋಡಲು ಪತ್ರಿಕೆಯನ್ನು ಎಳೆಯುತ್ತಿದ್ದೆ. ನೀಲಕ್ಕ ಎಳೆಯದೆ ನಿಂತು ಆ ಕಣ್ಣುಗಳ ಸಾಲನ್ನೇ ನೋಡುತ್ತಿದ್ದಳು.

"ಕಣ್ಣು ಕೆಳಗ ಹಾಕಿದ್ದನ್ನ ಯಾರೂ ಕೊಳ್ಳಂಗಿಲ್ಲ ನೋಡು," ಎಂದು ಒಮ್ಮೆ ಹೇಳಿದಳು. "ಎಲ್ಲಾರೂ ನಿನ್ನ ಕಡೇನ ನೋಡಾಕತ್ತಾರ. ನೀ ಈ ಕಡಿ ಸರಿ, ಆಗೂ ನಿನ್ನ ನೋಡತಾರ." ಸರಿದು ನೋಡಿದೆ. ನಿಜವಾಗಿತ್ತು.

ನೀಲಕ್ಕ ನನಗಿಂತ ಬಹಳ ದೊಡ್ಡವಳು. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅವಳಿಗೆ ವರ ನೋಡಲು ಶುರು ಮಾಡಿ ಆಗಲೇ ನಾಲ್ಕಾರು ವರ್ಷ ಆಗಿತ್ತು. ಅವಳ ಬಾಯಿಯ ಸುತ್ತ, ಬಲಗಣ್ಣಿನ ರೆಪ್ಪೆಯ ಮೇಲೆ, ಬಲಗೆನ್ನೆಯಲ್ಲಿ ಬಿಳಿಯ ಮಚ್ಚೆಗಳಿದ್ದವು. ತೊನ್ನು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಶಬ್ದವನ್ನು ಯಾರೂ ಆಡುತ್ತಿರಲಿಲ್ಲ, "ಅದು" ಎನ್ನುತ್ತಿದ್ದರು. "ಅದು ಈ ಸಲ ಸ್ವಲ್ಪ ಕಡಿಮಿ ಆಗೇತಿ" ಎಂದು ಅವ್ವ ಹೇಳುವಾಗ ಮನೆಗೆ ಬಂದ ಅತಿಥಿಯ ಬಗ್ಗೆ ಮಾತಾಡಿದ ಹಾಗೆ ಕೇಳುತ್ತಿತ್ತು.

ಅಪ್ಪ ಸಿನಿಮಾ ಪತ್ರಿಕೆಗಳನ್ನು ಮನೆಗೆ ತರಬೇಡವೆಂದು ಹೇಳಿದವನಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ ಅವುಗಳ ಒಳಗಿನ ಸುದ್ದಿಯನ್ನೆಲ್ಲ ಮೊದಲು ಓದುತ್ತಿದ್ದವನು ಅವನೇ. ಅವನ ತಕರಾರು ಇದ್ದದ್ದು ಹೊರಗಿನ ಹಾಳೆಯ ಬಗ್ಗೆ. ಮನೆಗೆ ಹಿರಿಯರು ಬಂದಾರೆಂದು ಮುಖಪುಟವನ್ನು ಹಿಂದಕ್ಕೆ ಮಡಚಿಯೇ ಓದುತ್ತಿದ್ದ. ನೀಲಕ್ಕನದು ಇದಕ್ಕೆ ಉಲ್ಟಾ. ಅವಳು ಮುಖಪುಟ ಬಿಚ್ಚಿ ಟ್ರಂಕಿನಲ್ಲಿಟ್ಟು, ಒಳಗಿನದನ್ನು ನೀರೊಲೆಗೆ ಹಾಕುತ್ತಿದ್ದಳು. "ಒಳಗೇನೂ ಇರಂಗಿಲ್ಲ" ಎನ್ನುವುದು ಅವಳ ಅಭಿಪ್ರಾಯ. ಅದೂ ಸುಳ್ಳಲ್ಲ. "ಇವರಿಬ್ಬರ ನಡುವೆ ಏನು ನಡೆದಿದೆ?" ಎಂದು ಮೇಲೆ ಹಳದಿ ಅಕ್ಷರದಲ್ಲಿ ಕೇಳಿದ ಪ್ರಶ್ನೆಗೆ ಒಳಗೆ ನಾಲ್ಕು ಸಾಲಿನಲ್ಲಿ "ಏನೂ ಇಲ್ಲ" ಎಂಬ ಉತ್ತರ ಇರುತ್ತಿತ್ತು. ಪ್ರತಿ ಸಲವೂ ಅಪ್ಪ ಮೋಸ ಹೋಗುತ್ತಿದ್ದ, ಮತ್ತೆ ಮುಂದಿನ ಸಂಚಿಕೆಗೆ ಕಾಯುತ್ತಿದ್ದ.

ಮಧ್ಯಾಹ್ನ ಅವ್ವ ಮಲಗಿದಾಗ ನಾವಿಬ್ಬರೂ ಆ ಹಾಳೆಗಳನ್ನು ಪಡಸಾಲೆಯಲ್ಲಿ ಹರವಿಕೊಳ್ಳುತ್ತಿದ್ದೆವು. ನಟಿಯ ತಲೆ ಪತ್ರಿಕೆಯ ಹೆಸರಿನ ಒಂದೆರಡು ಅಕ್ಷರಗಳನ್ನು ನುಂಗಿಕೊಂಡೇ ನಿಂತಿರುತ್ತಿತ್ತು. ಹೆಸರು ಗೊತ್ತಿದ್ದವರು ಹೇಗೂ ಓದಿಕೊಳ್ಳುತ್ತಾರೆ ಎಂಬ ಧೈರ್ಯ. ನಾಯಕ ಎಷ್ಟೇ ದೊಡ್ಡವನಾಗಲಿ, ಅವನನ್ನು ಮೂಲೆಯ ಒಂದು ಗುಂಡಗಿನ ಚಿತ್ರದಲ್ಲಿ ಕೂರಿಸಿರುತ್ತಿದ್ದರು. ದೀಪಾವಳಿ ಸಂಚಿಕೆಗೆ ಕೆಂಪು, ಹಳದಿ. ಬೇಸಿಗೆಯ ಸಂಚಿಕೆಗೆ ನೀಲಿ. ಇನ್ನು ಅಗ್ಗದ ಪತ್ರಿಕೆಗಳ ಮುದ್ರಣವೋ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರದೆ, ತುಟಿಯ ಕೆಂಪು ತುಟಿಯನ್ನು ಬಿಟ್ಟು ಗದ್ದಕ್ಕೆ ಇಳಿದಿರುತ್ತಿತ್ತು. ಅಂಥದೊಂದನ್ನು ನೋಡಿ ನೀಲಕ್ಕ ಬಹಳ ಹೊತ್ತು ನಕ್ಕಳು.

"ಇಕಿಗೂ ಬಣ್ಣ ಜಾರೇತಿ ನೋಡು," ಎಂದಳು. "ಆದ್ರೂ ಮುಖಪುಟಕ್ಕ ಬಂದು ಕುಂತಾಳ."

ನಾನೂ ಕನ್ನಡಿಯ ಮುಂದೆ ಹಾಗೆ ನೆಟ್ಟಗೆ ನೋಡುವುದನ್ನು ಅಭ್ಯಾಸ ಮಾಡಿದೆ. ಹಿತ್ತಲಿನಲ್ಲಿ ಕಟ್ಟಿದ ಎಮ್ಮೆ ಹೊಸಬರನ್ನು ನೋಡುವ ಹಾಗೆ ಕಾಣುತ್ತಿದ್ದೆನೆಂದು ಅಕ್ಕನೇ ಹೇಳಿದ್ದರಿಂದ ಆ ಆಸೆಯನ್ನು ಅಲ್ಲಿಗೇ ಬಿಟ್ಟೆ.

ವರನ ಕಡೆಯವರಿಗೆ ಕಳಿಸುವ ಫೋಟೋಗಳಲ್ಲಿ ನೀಲಕ್ಕನ ಬಲಗಡೆ ಎಂದೂ ಕಂಡದ್ದಿಲ್ಲ. ಅಣ್ಣಿಗೇರಿಯ ಹುಸೇನ್ ಕಾಕಾನ ಸ್ಟುಡಿಯೋಕ್ಕೆ ಅಪ್ಪನೇ ಜೊತೆಗೆ ಹೋಗಿ, "ಆ ಕಡಿ ತಿರುಗಿಸಿ ತಗೀರಿ" ಎಂದು ಹೇಳುತ್ತಿದ್ದ. ಎಡಗೆನ್ನೆ, ಮುಂದಕ್ಕೆ ಇಳಿಬಿಟ್ಟ ಜಡೆ, ಕೆಳಗೆ ಹಾಕಿದ ಕಣ್ಣು. ಬಾಯಿಯ ಮೇಲೆ ನೆರಳು ಬೀಳುವ ಹಾಗೆ ದೀಪ. ಆ ಫೋಟೋ ನೋಡಿ ಜನ ಬರುತ್ತಿದ್ದರು, ಅವಲಕ್ಕಿ ತಿಂದು ಚಹಾ ಕುಡಿದು, ಅಕ್ಕ ಎದುರಿಗೆ ಬಂದು ಕುಳಿತ ಮೇಲೆ ಗಡಿಯಾರ ನೋಡಲು ಶುರು ಮಾಡುತ್ತಿದ್ದರು.

ಕುಂದಗೋಳದ ಕಡೆಯಿಂದ ಬಂದವರು ಮಾತ್ರ ಗಡಿಯಾರ ನೋಡಲಿಲ್ಲ. ಹುಡುಗನ ಸೋದರತ್ತೆ ಎದ್ದು ಬಂದು ನೀಲಕ್ಕನ ಪಕ್ಕ ಕುಳಿತಳು. ಅಕ್ಕರೆಯಿಂದ ಬಂದಳೆಂದುಕೊಂಡೆವು. ಆಕೆ ತಂಬಿಗೆಯ ನೀರಿನಲ್ಲಿ ತನ್ನ ಸೆರಗಿನ ತುದಿ ಅದ್ದಿ, ಅಕ್ಕನ ಕೆನ್ನೆಯನ್ನು ತಿಕ್ಕಿದಳು. ಮತ್ತೊಮ್ಮೆ ತಿಕ್ಕಿದಳು.

"ಪೌಡರ್ ಇರಬೇಕು ಅಂದಕೊಂಡಿದ್ದೆ," ಎಂದು ತಮ್ಮವರ ಕಡೆ ತಿರುಗಿ ಹೇಳಿದಳು.

"ಫೋಟೋದಾಗ ಹಿಂಗ ಇರಲಿಲ್ಲಲ್ರಿ," ಎಂದ ಹುಡುಗನ ತಂದೆ, ನಮ್ಮಪ್ಪನಿಗೆ. ಅಪ್ಪ ಚಾಪೆಯ ಅಂಚನ್ನು ನೋಡುತ್ತ ಕುಳಿತ. ನೀಲಕ್ಕ ಅಲುಗಲಿಲ್ಲ. ಕೆನ್ನೆಯಿಂದ ನೀರು ಇಳಿದು ಕೊರಳ ತನಕ ಬಂದರೂ ಒರೆಸಿಕೊಳ್ಳಲಿಲ್ಲ.

ಅವರು ಹೋದ ಮೇಲೆ ಅವ್ವ ಅತ್ತಳು. ಅಕ್ಕ ಅಳಲಿಲ್ಲ. ಟ್ರಂಕು ತೆಗೆದು ಮುಖಪುಟಗಳನ್ನೆಲ್ಲ ನೆಲದ ಮೇಲೆ ಹರವಿದಳು, ಅವುಗಳ ಪಕ್ಕಕ್ಕೆ ತನ್ನ ಫೋಟೋಗಳನ್ನು ಇಟ್ಟಳು.

"ಇವರು ಎಲ್ಲಾರೂ ನೆಟ್ಟಗ ನೋಡಾಕತ್ತಾರ," ಎಂದಳು. "ನಾ ಒಬ್ಬಾಕಿ ಬಾಜೂಕ ನೋಡಾಕತ್ತೇನಿ, ಕಳ್ಳರಗತೆ. ನಾ ಏನ್ ಕದ್ದೇನಿ?"

 

ಮುಂದಿನ ಸಂತೆಯ ದಿನ ನನ್ನನ್ನು ಕರೆದುಕೊಂಡು ಅಣ್ಣಿಗೇರಿಗೆ ಹೊರಟಳು. ಕೈಯಲ್ಲಿ ಸುರುಳಿ ಸುತ್ತಿದ ಒಂದು ಮುಖಪುಟ. ಸ್ಟುಡಿಯೋದಲ್ಲಿ ಅದನ್ನು ಬಿಚ್ಚಿ ಹುಸೇನ್ ಕಾಕಾನ ಮೇಜಿನ ಮೇಲೆ ಇಟ್ಟಳು.

"ಕಾಕಾ, ನನ್ನ ಹಿಂಗ ತಗೀರಿ. ಎದುರಾ ಎದುರು."

ಕಾಕಾ ಚಿತ್ರ ನೋಡಿದ, ಅವಳನ್ನು ನೋಡಿದ. "ಎಲ್ಲಾ ಕಾಣತೈತಲ್ಲವಾ," ಎಂದ ಮೆಲ್ಲಗೆ.

"ಕಾಣಲಿ ಅಂತನ ಬಂದೇನ್ರಿ."

"ನಿಮ್ಮಪ್ಪಾರು ನನಗ ಬೈತಾರ."

"ಬೈದ್ರ ನನ್ನ ಹೆಸರು ಹೇಳ್ರಿ."

ಕಾಕಾ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. ಆಮೇಲೆ ಅವನಿಗೇ ಹುರುಪು ಬಂತು. ಬೆಟ್ಟ, ಸರೋವರ ಬಿಡಿಸಿದ ಪರದೆಯನ್ನು ಸರಿಸಿ, ಒಳಗಿನಿಂದ ಅರಿಸಿನ ಬಣ್ಣದ ಬಟ್ಟೆಯೊಂದನ್ನು ತಂದು ಕಟ್ಟಿದ. ನೆರಳು ಮಾಡಲು ಇಡುತ್ತಿದ್ದ ದೀಪವನ್ನು ಮುಂದಕ್ಕೆ ತಂದ. ಜಡೆಯನ್ನು ಬೆನ್ನಿಗೆ ಹಾಕಿಸಿದ. ಮುಖಪುಟವನ್ನು ನನ್ನ ಕೈಗೆ ಕೊಟ್ಟು, ಕ್ಯಾಮೆರಾದ ಪಕ್ಕ ಹಿಡಿದು ನಿಲ್ಲು ಎಂದ. ಅಕ್ಕ ಆ ನಟಿಯನ್ನು ನೋಡಿದಳು, ನಟಿ ಅಕ್ಕನನ್ನು ನೋಡಿದಳು. ಯಾರೂ ಕಣ್ಣು ಕೆಳಗೆ ಹಾಕಲಿಲ್ಲ.

ಫೋಟೋ ತೊಳೆದು ಬಂದಾಗ ಕಾಕಾ ಒಂದನ್ನು ಬಹಳ ದೊಡ್ಡದು ಮಾಡಿದ್ದ. ಹಳದಿಯ ಮೇಲೆ ಒಂದು ಮುಖ. ಅದರ ಬಿಳುಪು, ಕಂದು, ಎಲ್ಲ ಇದ್ದಲ್ಲೇ ಇದ್ದವು. ನಾನು ಮೊದಲು ನೋಡಿದ್ದು ಮಾತ್ರ ಕಣ್ಣನ್ನು. "ನೀ ಹೂಂ ಅಂದ್ರ ಇದನ್ನ ಶೋಕೇಸಿನಾಗ ಇಡ್ತೇನವಾ," ಎಂದ ಕಾಕಾ. "ಇಂಥಾದ್ದು ನಾ ಮತ್ತ ತಗದಿಲ್ಲ."

"ಇಡ್ರಿ," ಎಂದಳು ನೀಲಕ್ಕ.

ಸ್ಟುಡಿಯೋ ಇದ್ದದ್ದು ಬಜಾರದ ರಸ್ತೆಯಲ್ಲಿ. ಕಡಲೆ, ಹತ್ತಿ ಮಾರಲು ಬಂದವರೆಲ್ಲ ಅದರ ಮುಂದೆ ಹಾಯಬೇಕು. ಎರಡು ದಿನ ತಡೆಯಲಿಲ್ಲ, ಸುದ್ದಿ ನಮ್ಮೂರಿಗೆ ಬಂತು. ಅಪ್ಪ ಅಂಗಿ ತೊಟ್ಟು ಹೊರಟ. ನೀಲಕ್ಕ ಚಪ್ಪಲಿ ಮೆಟ್ಟಿ ಹಿಂದೆ ಹೊರಟಳು, ಅವಳ ಹಿಂದೆ ನಾನು. ಬಸ್ಸಿನಲ್ಲಿ ಮೂವರೂ ಬೇರೆ ಬೇರೆ ಸೀಟಿನಲ್ಲಿ ಕುಳಿತೆವು.

ಗಾಜಿನ ಮುಂದೆ ಆಗಲೇ ಐದಾರು ಜನ ನಿಂತಿದ್ದರು. "ತಗೀರಿ ಅದನ್ನ," ಎಂದ ಅಪ್ಪ.

"ಹುಡುಗಿ ಇಡ್ರಿ ಅಂದಾಳ್ರಿ," ಎಂದ ಹುಸೇನ್ ಕಾಕಾ. "ಆಕಿ ತಗೀರಿ ಅಂದ್ರ ಈಗ ತಗೀತೇನಿ."

ಅಪ್ಪ ತಿರುಗಿದ. ಜನರ ಎದುರು ಎಂದೂ ದನಿ ಎತ್ತದವನು, ಅವತ್ತು ಎತ್ತಿದ. "ಮನಿ ಮಾನ ತಂದು ಬಜಾರದಾಗ ಇಟ್ಟೆಲ್ಲ."

"ಮಾನ ಅಲ್ಲಪ್ಪಾ, ಮಾರಿ ಇಟ್ಟೇನಿ," ಎಂದಳು ನೀಲಕ್ಕ, ಗಾಜಿನೊಳಗಿನ ಮುಖವನ್ನು ತೋರಿಸುತ್ತ. "ಮಾರಿ ನಂದು. ಇದನ್ನ ಮುಚ್ಚಿಟ್ಟದ್ದಕ್ಕ ಆ ಹೆಂಗಸು ತಿಕ್ಕಿ ನೋಡಿದ್ಲು. ಇನ್ನ ಯಾರೂ ತಿಕ್ಕೂದು ಬ್ಯಾಡ. ಇಲ್ಲೇ ನೋಡಿ, ಬ್ಯಾಡಂದ್ರ ಇಲ್ಲಿಂದನ ಹೋಗಲಿ."

ಗಾಜಿನೊಳಗೆ ಒಂದು ನೀಲಕ್ಕ, ಹೊರಗೆ ಒಂದು. ಅಪ್ಪ ಎರಡನ್ನೂ ನೋಡಿದ. ನಿಂತಿದ್ದ ಜನರಲ್ಲಿ ಯಾರೋ ಕೆಮ್ಮಿದರು. ಅಪ್ಪ ಬಸ್ ನಿಲ್ದಾಣದ ಕಡೆ ನಡೆದ. ಹತ್ತಿ ಬಿಡಿಸುವ ಕೆಲಸ ಮುಗಿಯುವವರೆಗೂ ಅವಳೊಂದಿಗೆ ಮಾತಾಡಲಿಲ್ಲ. ಫೋಟೋ ಅಲ್ಲೇ ಉಳಿಯಿತು.

ಅದನ್ನು ನೋಡಿ ವರನ ಕಡೆಯವರು ಯಾರೂ ಬರಲಿಲ್ಲ. ಬಂದವಳು ಯಮನೂರಿನ ಒಬ್ಬ ಮುಸಲ್ಮಾನ ಹೆಣ್ಣುಮಗಳು, ಜೊತೆಗೆ ತಲೆಯ ಮೇಲಿನ ಓಢಣಿಯನ್ನು ಮೂಗಿನ ತನಕ ಎಳೆದುಕೊಂಡ ಅವಳ ಮಗಳು. ಅಪ್ಪ ಕಟ್ಟೆಯ ಮೇಲಿದ್ದ.

"ಫೋಟೋದಾಗಿನ ಅಕ್ಕಾರ ಮನಿ ಇದ ಏನ್ರಿ?" ಎಂದು ಕೇಳಿದಳು ಆಕೆ. "ಅಣ್ಣಿಗೇರ್ಯಾಗ ನೋಡಿದಾಗಿಂದ ನಮ್ಮ ಹುಡುಗಿ ಒಂದ ಹಟ ಹಿಡದಾಳ್ರಿ, ಅವರ ಮನಿಗೆ ಹೋಗೂಣು ಅಂತ. ಸಾಲಿ ಬಿಟ್ಟು ಮನ್ಯಾಗ ಕುಂತಿದ್ಲು."

 ಅಪ್ಪ ಒಳಗೆ ಮುಖ ಮಾಡಿ, "ನೀಲಾ, ನಿನ್ನ ಕೇಳಕೊಂತ ಬಂದಾರ," ಎಂದ. ಅಷ್ಟು ದಿನಗಳ ಮೇಲೆ ಅವಳೊಂದಿಗೆ ಅವನು ಆಡಿದ ಮೊದಲ ಮಾತು.

ಹುಡುಗಿ ಓಢಣಿ ಸರಿಸಿದಳು. ತುಟಿಯ ಸುತ್ತ, ಬೆರಳುಗಳ ತುದಿಗೆ, ಅದೇ. ನೀಲಕ್ಕನನ್ನು ಎವೆ ಬಡಿಯದೆ ನೋಡಿ ಕೇಳಿದಳು: "ನಿಮಗ ನಾಚಿಕಿ ಬರಲಿಲ್ಲೇನ್ರಿ?"

"ಬಂತವಾ," ಎಂದಳು ನೀಲಕ್ಕ. "ಬಂದ್ರ ಬರಲಿ ಅಂತ ಕುಂತೆ."

ಮುಖಪುಟ ಮಾಡುವವರ ಲೆಕ್ಕಾಚಾರವೆಲ್ಲ ಜನರನ್ನು ಎಳೆಯುವುದಕ್ಕೆ. ಹಾದು ಹೋಗುವವರಲ್ಲಿ ಯಾರು ನಿಲ್ಲುತ್ತಾರೆ ಎಂಬುದು ಮಾತ್ರ ಅವರ ಕೈಯಲ್ಲಿಲ್ಲ. ಅಕ್ಕನ ಮುಖ ನಿಲ್ಲಿಸಿದ್ದು ಈ ಹುಡುಗಿಯನ್ನು. ಅವಳು ಮತ್ತೆ ಶಾಲೆಗೆ ಹೋದಳು; ಈಗಲೂ ಅಕ್ಕನಿಗೆ ಫೋನು ಮಾಡುತ್ತಾಳೆ. ಅಪ್ಪ ಆ ಫೋಟೋದ ಸುದ್ದಿಯನ್ನು ಮುಂದೆಂದೂ ಎತ್ತಲಿಲ್ಲ. ಸೋತೆನೆಂದು ಹೇಳುವ ರೂಢಿ ನಮ್ಮ ಕಡೆಯ ಗಂಡಸರಿಗಿಲ್ಲ, ಸುಮ್ಮನಾದರೆ ತಿಳಿದುಕೊಳ್ಳಬೇಕು. ಮುಖ ತಿರುಗಿಸಿ ಫೋಟೋ ತೆಗೆಸುವುದು ಅಂದಿಗೆ ನಿಂತಿತು. ನೀಲಕ್ಕ ನಮ್ಮೂರಿನ ಅಂಗನವಾಡಿಯ ಟೀಚರಾಗಿ, ಒಂದು ಇಡೀ ಪೀಳಿಗೆಯ ಮೂಗು ಒರೆಸಿ, ಅಕ್ಷರ ತಿದ್ದಿಸಿ, ಈಗ ನಿವೃತ್ತಳಾಗಿದ್ದಾಳೆ.

ಮದುವೆ ಆಯಿತೇ ಎಂದು ನೀವು ಕೇಳುತ್ತೀರಿ. ಗೊತ್ತು. ಈ ಕತೆ ಹೇಳಿದಲ್ಲೆಲ್ಲ ಮೊದಲು ಅದನ್ನೇ ಕೇಳುತ್ತಾರೆ. ನಾನು ಹೇಳುವುದಿಲ್ಲ. ಆಯಿತೆಂದರೆ ಫೋಟೋ ಗೆದ್ದಿತೆನ್ನುತ್ತೀರಿ, ಆಗಲಿಲ್ಲವೆಂದರೆ ಅಯ್ಯೋ ಎನ್ನುತ್ತೀರಿ. ಎರಡೂ ನನಗೆ ಬೇಕಿಲ್ಲ.

ಮೊನ್ನೆ ಆ ಕವರಿನ ಅಂಗಡಿಯ ಮುಂದೆ ನಿಂತಿದ್ದಾಗ ಬಸ್ಸು ಬಂತು, ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಳೆದ ದೀಪಾವಳಿಯ ಹೊತ್ತಿಗೆ ನನ್ನ ಎಡಗಣ್ಣಿನ ಕೆಳಗೂ ಕಡಲೆ ಕಾಳಿನಷ್ಟು ಬಿಳುಪು ಕಾಣಿಸಿಕೊಂಡಿದೆ. ಈಗ ಅದು ಬೆಳೆದಿದೆ. ಈ ರವಿವಾರ ಮಿಶ್ರಿಕೋಟಿಯ ನಮ್ಮ ಮನೆಗೆ ನನ್ನ ಮಗಳನ್ನು ನೋಡಲು ಬರುತ್ತಿದ್ದಾರೆ. ನಾದಿನಿ ಮೈಬಣ್ಣದ ಒಂದು ಕ್ರೀಮು ತಂದುಕೊಟ್ಟು, "ಅವತ್ತೊಂದ ದಿನ ಹಚ್ಚಕೋರಿ ವೈನಿ, ಹುಡುಗಿಗೂ ಬರತೈತಿ ಅಂತ ಹೆದರತಾರ," ಎಂದಿದ್ದಳು. ಆಯಿತೆಂದು ನಾನೂ ಒಪ್ಪಿಕೊಂಡಿದ್ದೆ.

ಬಸ್ಸಿನಿಂದಲೇ ಮಗಳಿಗೆ ಫೋನು ಮಾಡಿದೆ. ತಪ್ಪಿದರೆ ತಪ್ಪುವುದು ಅವಳ ಸಂಬಂಧ. ಅವಳನ್ನು ಕೇಳದೆ ಧೈರ್ಯ ತೋರಿಸುವುದು ಸರಿಯಲ್ಲ. ಹಚ್ಚಿಕೊಳ್ಳುವುದಿಲ್ಲ ಎಂದುಕೊಂಡಿದ್ದೇನೆ, ನೀನೇನು ಹೇಳುತ್ತಿ ಎಂದೆ. 

"ಹಚ್ಚಕೋಬ್ಯಾಡವ್ವಾ," ಎಂದಳು. "ನಿನ್ನ ನೋಡಿ ಎದ್ದು ಹೋಗೋರ ಮನ್ಯಾಗ ನಾ ಹೆಂಗ ಬಾಳೇ ಮಾಡಲಿ?"

ಮನೆಗೆ ಬಂದು ಕ್ರೀಮಿನ ಡಬ್ಬಿಯನ್ನು ನಾದಿನಿಗೆ ಹಿಂದಿರುಗಿಸಿದೆ. ಅವಳು ಮುಖ ದಪ್ಪ ಮಾಡಿಕೊಂಡು ಹೋದಳು. ರವಿವಾರ ಅವರು ಬರುತ್ತಾರೆ. ಬಾಗಿಲು ತೆರೆಯುವವಳು ನಾನೇ.