ರೇಷ್ಮಾ ಕೇಳಿದ ಅದೇ ಪ್ರಶ್ನೆ

ಖೈರುನ್ ಚಾಚಿ ನನ್ನನ್ನು ಬಿಟ್ಟು ರೇಷ್ಮಾಳ ಕೈ ಹಿಡಿದು ಅತ್ತಾಗ, ಮರುಕಕ್ಕಿಂತ ಮೊದಲು ನನಗೆ ಹೊಟ್ಟೆಕಿಚ್ಚಾಯಿತು. ಆಶಾ ಕಾರ್ಯಕರ್ತೆಯಾಗಿ ಹನ್ನೊಂದು ವರ್ಷ ಮುದಗಲ್ಲಿನ ಚಾಚಿಯ ಓಣಿ ತುಳಿದವಳು ನಾನು. ಚಾಚಿಯ ಸೊಸೆಯ ಎರಡೂ ಹೆರಿಗೆಗೆ ಜೊತೆಗಿದ್ದವಳೂ ನಾನೇ. ಸ್ತನ ಕ್ಯಾನ್ಸರ್ ತಪಾಸಣೆಯ ಬಗ್ಗೆ ಹೆಂಗಸರ ನಂಬಿಕೆಗಳನ್ನು ಬರೆದುಕೊಳ್ಳಲು ಸಿಂಧನೂರಿನಿಂದ ರೇಷ್ಮಾ ಬಂದು ಮೂರೇ ದಿನವಾಗಿತ್ತು.

ಹಿಂದಿನ ದಿನ ನಾನು ಸಮೀಕ್ಷೆಯ ಹಾಳೆ ಹಿಡಿದು, "ತಪಾಸಣಿ ಅಂದ್ರ ಅಂಜಿಕಿ ಐತೇನ್ರೀ?" ಎಂದು ಕೇಳಿದ್ದಾಗ ಚಾಚಿ ನಕ್ಕು ಇಲ್ಲ ಎಂದಿದ್ದರು. ಮರುದಿನ ರೇಷ್ಮಾ ಅದನ್ನೇ ಚಾಚಿಯ ಮನೆಮಾತಾದ ದಖನಿ ಉರ್ದುವಿನಲ್ಲಿ ಕೇಳಿದಳು. ಆಗಲೇ ಚಾಚಿ ಅಳುತ್ತ ಬಾಯಿಬಿಟ್ಟದ್ದು: ಅವರ ಎದೆಯಲ್ಲಿ ಗಂಟಾಗಿ ನಾಲ್ಕು ತಿಂಗಳಾಗಿತ್ತಂತೆ. ಆಸ್ಪತ್ರೆಗೆ ಹೋದರೆ ಊರಿಗೆಲ್ಲ ಗೊತ್ತಾಗಿ ಕಿರಿ ಮಗಳ ಸಂಬಂಧ ತಪ್ಪುತ್ತದೆಂದು ಮುಚ್ಚಿಟ್ಟಿದ್ದರು.

"ನನಗ್ಯಾಕ ಹೇಳಲಿಲ್ಲ ಚಾಚಿ? ನನಗೂ ದಖನಿ ತಿಳೀತೈತಲ್ಲ?" ಎಂದೆ.

"ನೀ ಕೇಳುವಾಗ ಹಾಳಿ ನೋಡಾಕತ್ತಿದ್ದಿ. ಈಕಿ ನನ್ನ ಮಾರಿ ನೋಡಿದ್ಲು," ಎಂದರು ಚಾಚಿ.

ಈಗ ಚಿಕಿತ್ಸೆ ನಡೆದಿದೆ. ರಾಯಚೂರಿಗೆ ಪ್ರತಿಸಲ ಕರೆದೊಯ್ಯುವವಳು ನಾನೇ. ಆದರೆ ಡಾಕ್ಟರು ಏನೆಂದರು ಎಂದು ಹೇಳಲು ಚಾಚಿ ಮೊದಲು ಫೋನ್ ಮಾಡುವುದು ರೇಷ್ಮಾಳಿಗೆ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಅದನ್ನು ಕೇಳಿಸಿಕೊಳ್ಳುವ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.