ಮುನಾವರ್ ಪಾಷಾನ ಹಸಿರು

ಗುಬ್ಬಿಯಲ್ಲಿ ಹಸಿರು ಸೀರಿಯಲ್ ಸೆಟ್ ಅಂದರೆ ಮುನಾವರ್ ಪಾಷಾ. ಪುಟ್ಟ ಬಲ್ಬುಗಳನ್ನು ಹಸಿರು ವಾರ್ನಿಷಿನಲ್ಲಿ ಅದ್ದಿ, ಹಗ್ಗಕ್ಕೆ ನೇತುಹಾಕಿ ಒಣಗಿಸುವುದು ಅವನ ಕಸುಬು. ಮಿಲಾದ್ ಹಬ್ಬಕ್ಕೆ ಬೀದಿಯ ಕಮಾನು ಯಾವತ್ತೂ ಅವನದೇ. ಅದರ ಕೆಳಗೆ ಎದೆಯುಬ್ಬಿಸಿ ಓಡಾಡುತ್ತಿದ್ದ.

ಈ ವರ್ಷ ಮಸೀದಿಯ ಜಮಾತಿನವರು ಕಮಾನಿನ ಅರ್ಧವನ್ನು ಅವನ ಅಣ್ಣನ ಮಗ ಅರ್ಫಾತ್‌ಗೆ ಕೊಟ್ಟರು. ಅರ್ಫಾತ್ ತುಮಕೂರಿನ ಸತ್ಯಮಂಗಲದಲ್ಲಿ ಎಲ್ಇಡಿ ದೀಪ ಜೋಡಿಸುವವನು. ಯಾರ ಅರ್ಧ ಚೆನ್ನಾಗಿರುತ್ತದೋ, ಮುಂದಿನ ವರ್ಷದಿಂದ ಇಡೀ ಕಮಾನು ಅವರಿಗೆ. ಮುನಾವರನಿಗೆ ಅನ್ನ ಸೇರಲಿಲ್ಲ. ಅರ್ಫಾತ್ ಬೈಕು ತೊಳೆದರೂ ಹೊಟ್ಟೆಯುರಿ, ಸಲಾಂ ಹೇಳಿದರೂ ಹೊಟ್ಟೆಯುರಿ. ಹೊಟ್ಟೆಕಿಚ್ಚಿಗೆ ದೊಡ್ಡ ಕಾರಣವೇನೂ ಬೇಡ, ಅಣ್ಣನ ಮಗನಾದರೆ ಸಾಕು.

ತಾನೂ ಎಲ್ಇಡಿಯನ್ನೇ ಹಾಕಿ ತೋರಿಸುತ್ತೇನೆಂದು ಹಟ ಹಿಡಿದ. ಅಂಗಡಿಯ ಗುಂಡಯ್ಯ ಗಾಜಿನಂತೆ ತಿಳಿಯಾದ ದೀಪಗಳ ಸರ ಕೊಡುತ್ತಾ, “ಇವು ಕೆಂಪಗೆ ಉರೀತವೆ ಕಣಪ್ಪ” ಎಂದ.

“ಬಣ್ಣ ಬಳಿಯೋನು ನಾನು. ನೀನು ಕೊಡು ಸುಮ್ನೆ.”

ಉರಿಸಿ ಕೂಡ ನೋಡದೆ ಎಲ್ಲವನ್ನೂ ಹಸಿರಿನಲ್ಲಿ ಅದ್ದಿದ.

ಹಬ್ಬದ ಸಂಜೆ, ಜನ ಸೇರುವ ಮೊದಲು, ಇಬ್ಬರೇ ನಿಂತು ಸ್ವಿಚ್ಚು ಒತ್ತಿದರು. ಅರ್ಫಾತನ ಅರ್ಧ ಹಚ್ಚ ಹಸಿರು. ಮುನಾವರನ ಅರ್ಧ ಆರಿದ ಕೆಂಡದ ಹಾಗೆ ಕಪ್ಪು.

“ಏನ್ಲಾ ಮಾಡ್ದೆ ನನ್ ಲೈನಿಗೆ?”

“ನಾನೇನೂ ಮಾಡಿಲ್ಲ ಚಾಚಾ. ಹಳೇ ಬಲ್ಬಲ್ಲಿ ಎಲ್ಲಾ ಬಣ್ಣನೂ ಇರ್ತಿತ್ತು, ನಿಮ್ ವಾರ್ನಿಷು ಹಸಿರನ್ನ ಮಾತ್ರ ಹೊರಗೆ ಬಿಡ್ತಿತ್ತು. ಎಲ್ಇಡಿಲಿ ಬಣ್ಣ ಹುಟ್ಟೋದೇ ಒಳಗಿನ ಹರಳಲ್ಲಿ. ಕರೆಂಟು ಹರಿದಾಗ ಅಲ್ಲಿ ಎಲೆಕ್ಟ್ರಾನು ಮೆಟ್ಟಿಲಿಂದ ಕೆಳಕ್ಕೆ ಜಿಗಿಯುತ್ತೆ, ಆ ಜಿಗಿತದಲ್ಲೇ ಬೆಳಕು ಹೊರಡೋದು. ಮೆಟ್ಟಿಲು ತಗ್ಗಾದ್ರೆ ಕೆಂಪು, ಎತ್ತರವಾದ್ರೆ ಹಸಿರು, ಇನ್ನೂ ಎತ್ತರ ಆದ್ರೆ ನೀಲಿ. ಹರಳು ಎಂಥದೋ ಮೆಟ್ಟಿಲೂ ಅಂಥದೇ. ನಿಮ್ದು ಕೆಂಪಿನ ಹರಳು. ಅದರಲ್ಲಿ ಹಸಿರೇ ಇಲ್ಲ, ಇದ್ದ ಕೆಂಪನ್ನೂ ನಿಮ್ ವಾರ್ನಿಷು ತಡೀತು.”

ಅಷ್ಟು ಹೇಳಿ ಅರ್ಫಾತ್ ತನ್ನ ಚೀಲದಲ್ಲಿದ್ದ ಹಸಿರು ಸರವನ್ನು ಚಾಚಾನ ಕಡೆಗೂ ಕಟ್ಟಿದ. ಆ ಒಳ್ಳೆಯತನ ಮುನಾವರನನ್ನು ಇನ್ನಷ್ಟು ಸುಟ್ಟಿತು.

ಜನ ಬಂದರು. ಜಮಾತಿನ ಹಿರಿಯರು ಕತ್ತೆತ್ತಿ ನೋಡಿ, “ಪಾಷಾ, ನಿನ್ ಕಡೇದೇ ಒಂದ್ ಕೈ ಮೇಲು. ಮುಂದಿನ ವರ್ಷ ಪೂರ್ತಿ ನೀನೇ ಮಾಡು” ಎಂದರು. ಅರ್ಫಾತ್ ಹೌದೆಂಬಂತೆ ತಲೆಯಾಡಿಸಿದ.

ಮುನಾವರ್ ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಬೇರೆಯವನ ಹಸಿರಿಗೆ ತನ್ನ ಹೆಸರು ಬಂದದ್ದು ಸೋಲಿಗಿಂತ ಹೆಚ್ಚು ಉರಿಸಿತು.

“ಎರಡೂ ಕಡೆ ಅವಂದೇ,” ಎಂದ.

ಹೇಳಿದ ಮೇಲಾದರೂ ಹೊಟ್ಟೆ ತಣ್ಣಗಾಯಿತೇ? ಇಲ್ಲ. ಕತ್ತೆತ್ತಿ ನೋಡಿದ. ತನ್ನ ಕೈಯಿಂದ ಅಂಥ ಹಸಿರು ಯಾವತ್ತೂ ಬಂದಿರಲಿಲ್ಲ.